ಹೊಲಿಗೆ ಅಕ್ಕ ಹಾಡಿದ ಭಾನುವಾರ

ಅಪ್ಪಾ,

ಚರ್ಚಿನಲ್ಲಿ ನೀವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಇವತ್ತು ಆರಾಧನೆ ನಡೆಸಿದೆ. ನಡೆಸಿದೆ ಅನ್ನುವುದೂ ತಪ್ಪೇ.

ಮೊನ್ನೆಯಷ್ಟೇ ಮಗಳನ್ನು ಕಳೆದುಕೊಂಡ ಹೊಲಿಗೆ ಅಕ್ಕ, ಅದೇ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವವರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸ್ತುತಿಗೀತೆಯ ನಡುವೆ ಬಾಯಿಬಿಟ್ಟು ಅಳತೊಡಗಿದರು. ಸಭೆಯ ಹಿರಿಯರೊಬ್ಬರು ನನ್ನ ಬಳಿ ಬಂದು, “ಹೊರಗೆ ಕರ್ಕೊಂಡು ಹೋಗ್ಲಾ?” ಎಂದು ಪಿಸುಗುಟ್ಟಿದರು. ಆರಾಧನೆ ಕ್ರಮವಾಗಿ ನಡೆಯಬೇಕೆಂದು ಬೈಬಲಿನಲ್ಲಿ ಪೌಲನು ಬರೆದದ್ದನ್ನೂ, ಅಳುವವರ ಜೊತೆ ಅಳಬೇಕೆಂದು ಅವನೇ ಬರೆದದ್ದನ್ನೂ ನನಗೆ ಕಲಿಸಿದವರು ನೀವು. ಎರಡೂ ಒಟ್ಟಿಗೆ ಎದುರು ನಿಂತರೆ ಏನು ಮಾಡಬೇಕೆಂದು ನಾನು ಕೇಳಿರಲಿಲ್ಲ.

ಕೈಯೆತ್ತಿ ಹಾಡು ನಿಲ್ಲಿಸಿದೆ. ಹೋಗಿ ಅವರ ಪಕ್ಕ ಕೂತೆ.

“ಯಾಕ್ ನಿಲ್ಸಿದ್ರಿ, ಪಾಸ್ಟರೇ?” ಎಂದರು. “ಮನೇಲೂ ಹೀಗೇ, ಒಂದು ಸದ್ದಿಲ್ಲ. ಹಾಡು ಕೇಳೋಣ ಅಂತಾನೇ ಬಂದೆ.”

ಮತ್ತೆ ಶುರುಮಾಡಲು ಬಾಯಿ ತೆರೆದೆ. ಮೊದಲ ಸಾಲಿಗೇ ದನಿ ನಡುಗಿ ನಿಲ್ಲಿಸಿಬಿಟ್ಟೆ. ಕೀಬೋರ್ಡ್ ನುಡಿಸುವವನೂ ತಲೆ ತಗ್ಗಿಸಿಬಿಟ್ಟಿದ್ದ. ಕೊನೆಗೆ ಅಕ್ಕನೇ ಮೂಗು ಒರೆಸಿಕೊಂಡು, ಶ್ರುತಿ ತಪ್ಪಿದ ದನಿಯಲ್ಲಿ, ಕಡೆಯ ಚರಣದವರೆಗೂ ಒಬ್ಬರೇ ಹಾಡಿದರು. ನಾನು ಅವರ ಹಾಡಿನ ಪುಸ್ತಕ ಹಿಡಿದುಕೊಂಡಿದ್ದೆ. ನನ್ನಿಂದಾದದ್ದು ಅಷ್ಟೇ.

ನಿಮ್ಮನ್ನು ಮಣ್ಣು ಮಾಡಿದ ದಿನ ನನ್ನ ದನಿ ಎಲ್ಲೂ ನಡುಗಿರಲಿಲ್ಲ, ಅಪ್ಪಾ. ಅಂತ್ಯಕ್ರಿಯೆಯನ್ನು ಎಷ್ಟು ಚೆನ್ನಾಗಿ ನಡೆಸಿಕೊಟ್ಟೆ ಎಂದು ಎಲ್ಲರೂ ಹೊಗಳಿದ್ದರು.