ಅಜ್ಜನಿಗೆ ಹತ್ತು ಸುಳ್ಳು

ಸ್ಯಾನ್ ಪೆದ್ರೊ,
ನವೆಂಬರ್ ೯

ಯೊಕಾಸ್ತಾ,

ಇದೂ ಒಂದು ಪತ್ರವೇನೇ? ಮೂರು ಪುಟದ ತುಂಬ ಪ್ರಾರ್ಥನೆ, ಮಾತ್ರೆ, ವಿಶ್ರಾಂತಿ! ಬೇಸ್‌ಬಾಲ್ ಬಗ್ಗೆ ಒಂದಕ್ಷರ ಇಲ್ಲ. ನಿನ್ನ ಅಜ್ಜನೇನು ಪಾದ್ರಿಯೇ?

ಲಕ್ವ ಹೊಡೆದ ಮೇಲೆ ನಾಲ್ಕು ತಿಂಗಳು ಅವನು ಒಂದು ಮಾತೂ ಆಡಿರಲಿಲ್ಲ. ಮೊನ್ನೆ ಕ್ಷೌರ ಮಾಡಲು ಬಂದ ನಿಕಾನೋರ್ ಅಜ್ಜನ ಕೆನ್ನೆಗೆ ಸೋಪು ಹಚ್ಚುತ್ತಾ, "ಆ ಕಾಲದಲ್ಲಿ ಪೆಗೆರೊನನ್ನ ನಮ್ಮ ತಂಡದವ್ರು ಮಾರಿದ್ದೇ ಸರಿ ಬಿಡಿ. ಬ್ಯಾಟಿಂಗ್ ಸರಾಸರಿ ಸಾವಿರಕ್ಕೆ ಬರೀ ಇನ್ನೂರ ಎಂಬತ್ತು" ಅಂದ. ಅಜ್ಜನ ಸೊಟ್ಟ ಬಾಯಿ ತೆರೆಯಿತು.

"ಮುನ್ನೂರ ಹನ್ನೆರಡು ಕಣೋ, ಕತ್ತೆ!"

ನನ್ನ ಕೈಯಿಂದ ಕಾಫಿ ಪಾತ್ರೆಯೇ ಬಿತ್ತು.

ಆಮೇಲೆ ನಾನೂ ಬೇಕಂತಲೇ ತಪ್ಪು ಹೇಳಿ ನೋಡಿದೆ. ಸುಮ್ಮನೆ ನಕ್ಕ; ನನಗೆ ಸರಿ ಅಂಕಿಗಳೆಲ್ಲ ಗೊತ್ತೆಂದು ಅವನಿಗೆ ಗೊತ್ತು. ಅಂಗಡಿ ಕಟ್ಟೆಯ ಗೆಳೆಯರಂತೂ ರೋಗಿಯೆಂದು ಕನಿಕರಪಟ್ಟು ಅವನನ್ನು ಕೆಣಕಲು ಒಪ್ಪುವುದೇ ಇಲ್ಲ.

ಮದುವೆಯಾಗಿ ಸ್ಯಾಂಟಿಯಾಗೊಗೆ ಹೋಗಿ ಆ ಊರಿನ ತಂಡಕ್ಕೇ ಜೈ ಅಂದ ದ್ರೋಹಿ ನಮ್ಮ ಮನೆಯಲ್ಲಿ ನೀನೊಬ್ಬಳೇ. ಲಕ್ವ ಹೊಡೆಯುವ ಮುನ್ನ ತಂಡದ ವಿಷಯಕ್ಕೆ ಅವನ ಜೊತೆ ನೀನಾಡಿದ ಜಗಳದಿಂದಲೇ ಅವನಿಗೆ ಹೀಗಾಯಿತೆಂದು ಕೊರಗುತ್ತಿದ್ದೀಯ. ಅಲ್ಲ ಮಗಳೇ. ವೈದ್ಯರೂ ಅಲ್ಲವೆಂದರು. ಜಗಳವಾದ ಆ ರಾತ್ರಿ ಅವನು ಹಾಡು ಗುನುಗುತ್ತಾ ಮಲಗಿದ್ದ.

ನಮ್ಮ ತಂಡದ ಬಗ್ಗೆ ಹತ್ತು ಸುಳ್ಳು ಬರೆ, ಅಂಕಿ ಸಮೇತ. ದಿನಕ್ಕೊಂದು ಓದಿ ಹೇಳುತ್ತೇನೆ. ಅವನು ನಿನಗೆ ಬೈಯುವುದನ್ನೆಲ್ಲ ಒಂದಕ್ಷರ ಬಿಡದೆ ಬರೆದು ಕಳಿಸುತ್ತೇನೆ. ಡಿಸೆಂಬರ್ ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ,
ಆಲ್ತಾಗ್ರಾಸಿಯಾ