ಏಳು ಸೇವಂತಿಗೆ

ಬುಧವಾರ, ನವೆಂಬರ್ ೧, ೨೦೨೩
ಅಪ್ಪನ ಮನೆಯಿಂದ

ಪ್ರೀತಿಯ ತೀನಾ,

ಮಧ್ಯಾಹ್ನ ಮೂರು ಗಂಟೆ. ಎಲ್ಲ ಸಂತರ ಹಬ್ಬವೆಂದು ಶಾಲೆಗೆ ರಜೆ. ಅಲ್ಲಿಯ ಅಡುಗೆಮನೆಯಲ್ಲಿ ಮಕ್ಕಳಿಗೆ ಪಾಸ್ತಾ ಬೇಯಿಸುವ ಕೆಲಸವಿಲ್ಲ. ಬೆಳಿಗ್ಗೆ ಅಮ್ಮನ ಸಮಾಧಿಗೆ ಹೋಗಿಬಂದೆ. ಅಪ್ಪನ ಹೊದಿಕೆ ಒಗೆದು ಹಾಕಿದೆ. ಒಣ ಅವರೆ ಬೇಯಿಸಿ, ಅರೆದು, ಎಣ್ಣೆ ಬಿಟ್ಟು ಕೊಟ್ಟೆ. ಲಮಾರಾ ತಿನ್ನಿಸಿದಳು. ಅಪ್ಪ ತಟ್ಟೆ ಖಾಲಿ ಮಾಡಿದರು. ಹೌದು, ಊಟ ಮಾಡುತ್ತಿದ್ದಾರೆ. ಮೊದಲು ಅದನ್ನು ತಿಳಿಸಬೇಕೆನ್ನಿಸಿತು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಬೇಗ ಸಿಟ್ಟು ಬರುತ್ತದೆ, ನನಗೆ ಬೇಗ ಅಳು. ಮೊನ್ನೆ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಆ ಹೆಂಗಸನ್ನ ಕಳಿಸ್ತೀಯೋ ಇಲ್ವೋ ಹೇಳಿಬಿಡು ಅಕ್ಕಾ. ವೃದ್ಧಾಶ್ರಮದವರು ಹದಿನೈದನೇ ತಾರೀಕಿನವರೆಗೆ ಮಾತ್ರ ಹಾಸಿಗೆ ಹಿಡಿದಿಟ್ಟಿರ್ತಾರೆ." ತೋರೀನೋದಲ್ಲಿ ಕೂತು ನೀನು ಅಷ್ಟು ಓಡಾಡಿ ಹಾಸಿಗೆ ಹಿಡಿಸಿದ್ದೀಯೆ. ನಾನು ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ.

ಜೂನ್‌ನಲ್ಲಿ ಲಮಾರಾ ಅಪ್ಪನನ್ನು ನೋಡಿಕೊಳ್ಳಲು ಬಂದಾಗ ಅಮ್ಮ ಹೋಗಿ ನಾಲ್ಕು ತಿಂಗಳಾಗಿತ್ತು, ಅಪ್ಪನಿಗೆ ಲಕ್ವ ಹೊಡೆದು ಎರಡು. ನನ್ನ ಮೊಣಕಾಲಿನ ವಿಷಯ ನಿನಗೆ ಗೊತ್ತು. ಅವರನ್ನು ಎತ್ತಿ ಕೂರಿಸಲು ಒಬ್ಬಳಿಂದ ಆಗುತ್ತಿರಲಿಲ್ಲ. ಜಾರ್ಜಿಯಾದಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದ ಮೇಡಂ ಇಲ್ಲಿ ಬಂದು ಮುದುಕನ ಚಡ್ಡಿ ಬದಲಿಸಬೇಕಲ್ಲ ಎಂದು ನನಗೇ ನಾಚಿಕೆಯಾಗಿತ್ತು. ಅವಳು ಸಂಬಳ, ರಜೆ ಯಾವುದನ್ನೂ ಮೊದಲು ಕೇಳಲಿಲ್ಲ. "ಇವರನ್ನ ಊರಲ್ಲಿ ಏನಂತ ಕರೀತಾರೆ?" ಅಂದಳು. ಸಬೀನೋ ಮೇಸ್ತ್ರಿ ಅಂತ, ಮರಗೆಲಸದವರು ಎಂದೆ. ಅಂದಿನಿಂದ ಅವಳ ಬಾಯಲ್ಲಿ ಅವರು ಮೇಸ್ತ್ರಿಯೇ. ತುಟಿ ಬಿಗಿದರೆ, "ಮೇಸ್ತ್ರೀ, ಇದೇನು ನೀವು ಮಾಡಿದ ಬಾಗಿಲಾ, ಇಷ್ಟು ಭದ್ರ? ತೆಗೀರಿ, ತೆಗೀರಿ, ಸಾರು ಬಂದಿದೆ!" ಅನ್ನುತ್ತಾಳೆ. ಅಪ್ಪನ ಎಡಗಡೆಯ ತುಟಿ ನಗುತ್ತದೆ.

ಮೊನ್ನೆ ಶನಿವಾರ ಅವರಿಗೆ ಎಂಬತ್ತನಾಲ್ಕು ತುಂಬಿತು. ಆ ಮಧ್ಯಾಹ್ನದಿಂದಲೇ ಊಟ ಬಿಟ್ಟರು. ಅವರಿಗೆ ಉಳಿದಿರುವುದು ಒಂದೇ ಮಾತು, ನಿನಗೂ ಗೊತ್ತು: "ಬೇಡ." ಚಮಚ ಹತ್ತಿರ ಬಂದರೆ ಬೇಡ. ನೀರು ತಂದರೆ ಬೇಡ. ಸೋಮವಾರ ಡಾಕ್ಟರು ಬಂದು ನೋಡಿ, "ವಯಸ್ಸಾಯ್ತಲ್ಲಮ್ಮ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು. ಅವತ್ತೇ ನೀನು ಫೋನಿನಲ್ಲಿ, "ಅವಳೇ ಏನೋ ಮಾಡಿದಾಳೆ, ನೀನು ಕುರುಡಿ" ಎಂದದ್ದು.

ನಿನ್ನೆ ಪಕ್ಕದ ಮನೆಯ ಮಿಕೆಲೀನಾ ಕೇಕು ಹಿಡಿದು ಬಂದಳು. ಕೋಣೆಯ ಹೊಸ್ತಿಲಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. "ಅಯ್ಯೋ ನಿಮ್ಮ ಮನೆ ಕಾಯ! ಬದುಕಿರೋ ಮನುಷ್ಯನ ಕಾಲದೆಸೇಲಿ ಸಮಾಧಿ ಹೂವಾ? ಮೇಣದಬತ್ತಿ ಒಂದು ಬಾಕಿ ಇತ್ತು, ಅದನ್ನೂ ಹಚ್ಚಿಬಿಡಿ!"

ಬಟ್ಟೆಗಳ ಪೆಟ್ಟಿಗೆಯ ಮೇಲೆ, ಅಪ್ಪನ ಕಣ್ಣಿಗೆ ನೇರವಾಗಿ, ಅಮ್ಮನ ನೀಲಿ ಹೂಜಿಯಲ್ಲಿ ಹಳದಿ ಸೇವಂತಿಗೆ ಇತ್ತು. ಶನಿವಾರ ಲಮಾರಾ ಸಂತೆಯಿಂದ ತಂದಿಟ್ಟದ್ದು. ಸತ್ತವರ ಹಬ್ಬದ ವಾರ. ಸಮಾಧಿಗೆ ಒಯ್ಯಲೆಂದು ಸಂತೆಯ ತುಂಬ ಅದೇ ಹೂವು. ಅಪ್ಪ "ಬೇಡ" ಅನ್ನುತ್ತಿದ್ದದ್ದು ಚಮಚಕ್ಕಲ್ಲ. ಹೋಗಿಬರುವ ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ.

ನಾನು ಕೂಗಾಡಿದೆ, ತೀನಾ. ಮಿಕೆಲೀನಾಳ ಎದುರಿಗೇ. "ಬೇಗ ಸಾಯ್ಲಿ ಅಂತ ಇಟ್ಟೆಯಾ? ಗಂಟು ಕಟ್ಟು, ಹೊರಡು" ಎಂದೆ. ಲಮಾರಾಳ ಮುಖ ಸುಣ್ಣವಾಯಿತು. "ನಮ್ಮಲ್ಲಿ ಶಾಲೆ ಶುರುವಾದಾಗ ಮಕ್ಕಳು ಟೀಚರಿಗೆ ಇದೇ ಹೂವು ತರೋದು, ಸಿನ್ಯೋರಾ. ಸಂತೋಷಕ್ಕೆ. ಸಮಸಂಖ್ಯೆ ಹೂವು ಸತ್ತವರಿಗೆ, ಬೆಸ ಬದುಕಿರೋರಿಗೆ. ಅದಕ್ಕೇ ಎಣಿಸಿ ಎಣಿಸಿ ಏಳು ತಂದೆ" ಎಂದಳು. ಅಷ್ಟೇ ಹೇಳಿದ್ದು. ಹೂಜಿಯಿಂದ ಹೂಗಳನ್ನು ತೆಗೆದುಕೊಂಡು, ಕೋಟು ಹಾಕಿಕೊಂಡು ಹೊರಟುಹೋದಳು.

ಹೋದವಳು ಬರುವುದಿಲ್ಲವೆಂದುಕೊಂಡೆ. ನಿನ್ನ ಆಶ್ರಮದ ನಂಬರು ಹುಡುಕಿ ಮೇಜಿನ ಮೇಲಿಟ್ಟೆ. ಒಂದು ಗಂಟೆ ಕಳೆದ ಮೇಲೆ ಬಾಗಿಲ ಸದ್ದಾಯಿತು. ಅವಳು ಕೈ ತೊಳೆದು ನೇರ ಅಪ್ಪನ ಹತ್ತಿರ ಹೋಗಿ, ಖಾಲಿ ಕೈಗಳನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. "ಮೇಸ್ತ್ರೀ, ಈ ಮೇಡಂ ಫೇಲು. ಕ್ಷಮಿಸ್ತೀರಾ?" ಅಪ್ಪ ಪೆಟ್ಟಿಗೆಯ ಕಡೆ ನೋಡಿದರು, ಅವಳನ್ನು ನೋಡಿದರು. ಸಾರಿಗೆ ಬಾಯಿ ತೆರೆದರು. ನಾನು ಚಮಚ ಹಿಡಿದಾಗ ಮಾತ್ರ ತುಟಿ ಬಿಗಿದರು.

ಇವತ್ತು ಸಮಾಧಿಯಲ್ಲಿ ಆ ಹೂಗಳನ್ನು ಕಂಡೆ. ಅಮ್ಮನ ಹೆಸರಿನ ಕೆಳಗೆ, ಗಾಜಿನ ಸೀಸೆಯಲ್ಲಿ. ಎಣಿಸಿದೆ. ಎಂಟಿದ್ದವು. ದಾರಿಯಲ್ಲಿ ಇನ್ನೊಂದನ್ನು ಕೊಂಡಿರಬೇಕು. ಅಮ್ಮನನ್ನು ಅವಳು ನೋಡಿಯೇ ಇಲ್ಲ.

ಆದ್ದರಿಂದ ಆಶ್ರಮದ ಹಾಸಿಗೆ ಬಿಟ್ಟುಕೊಡು. ಲಮಾರಾ ಇರುತ್ತಾಳೆ, ಇರು ಎಂದು ನಾನು ಕೇಳಿಕೊಂಡಿದ್ದೇನೆ. ಅವಳು ತಲೆಯಾಡಿಸಿ, ಅವರೆಗೆ ಉಪ್ಪು ಕಡಿಮೆ ಎಂದಳು.

ನಿನ್ನ ಅಕ್ಕ,
ನುನ್ಸಿಯಾ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಗಮನಿಸಿರಲಿಲ್ಲ ಎಂದು ಬರೆದದ್ದು ಸುಳ್ಳು. ಶನಿವಾರ ಹೂ ತಂದಾಗ ಅವಳು ಬಾಗಿಲಲ್ಲಿ ನನ್ನನ್ನು ಕೇಳಿದ್ದಳು: "ಮೇಸ್ತ್ರಿ ಕೋಣೇಲಿ ಇಡ್ಲಾ ಸಿನ್ಯೋರಾ? ಚೆನ್ನಾಗಿದೆಯಾ?" ಚೆನ್ನಾಗಿದೆ, ಇಡು ಎಂದೆ. ಭಾನುವಾರ ಅವಳಿಗೆ ರಜೆ. ಇಡೀ ದಿನ ಆ ಹೂಗಳ ಪಕ್ಕದಲ್ಲೇ ಕೂತಿದ್ದೆ. ಅಪ್ಪ ಅವುಗಳನ್ನೇ ನೋಡುತ್ತಿದ್ದರು, ಆಮೇಲೆ ನನ್ನನ್ನು. ನನಗೆ ಗೊತ್ತಿತ್ತು, ಆದರೂ ತೆಗೆಯಲಿಲ್ಲ. ಸಾಕಾಗಿತ್ತು, ತೀನಾ. ನಾನು ಕೂಗಾಡುವಾಗ ಲಮಾರಾ ಆ ಮಾತನ್ನು ಎತ್ತಲಿಲ್ಲ. ಇವತ್ತೂ ಎತ್ತಿಲ್ಲ.

ನಾಳೆ ಗುರುವಾರ, ಅವಳಿಗೆ ಅರ್ಧ ದಿನದ ರಜೆ. ಎರಡು ಗಂಟೆಗೆ ಹೊರಡುತ್ತಾಳೆ. ಏಳರವರೆಗೆ ಅಪ್ಪನ ಹತ್ತಿರ ನಾನೊಬ್ಬಳೇ.