ಮಹಡಿ ಹತ್ತಲಾರದ ಚೆಕ್ಕು

ಸಹಕಾರ ಬ್ಯಾಂಕಿನ ವ್ಯವಸ್ಥಾಪಕ ಮಹಾಶಯರಿಗೆ,

ಮಾನ್ಯರೇ, ತಮ್ಮ ಬ್ಯಾಂಕು ತಾನೇ ಅಚ್ಚು ಹಾಕಿಸಿ ನನ್ನ ಕೈಗಿತ್ತ ಚೆಕ್ಕನ್ನು, ಅದೇ ಬ್ಯಾಂಕಿನ ಮಹಡಿಯ ಮೇಲಿರುವ ಸಭಾಭವನದ ಬಾಡಿಗೆಗೆ ಸಲ್ಲದೆಂದು ಹಿಂದಿರುಗಿಸಿತು. ಹೆತ್ತ ತಾಯಿಯೇ ಮಗುವಿನ ಗುರುತು ಕೇಳಿದಂತಾಯಿತು.

ನನ್ನ ಅಕ್ಕ ಯಮುನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ದೈವಾಧೀನಳಾದಳು. ಮದುವೆಯನ್ನಾದರೆ ಮುಂದೂಡಬಹುದು, ಹನ್ನೊಂದನೆಯ ದಿನದ ಎಡೆಯನ್ನು ಮುಂದೂಡುವ ಶಾಸ್ತ್ರವಿಲ್ಲ. ಆ ದಿನ ತಮ್ಮ ಭವನ ಖಾಲಿಯಿತ್ತು. ಚೆಕ್ಕು ಬರೆದುಕೊಟ್ಟೆ. ಭವನದ ಗುಮಾಸ್ತ ಮಹೇಶ್ ಗೋಡೆಯ ಮೇಲಿನ ‘ನಗದು ಮಾತ್ರ’ ಎಂಬ ಫಲಕ ತೋರಿಸಿದ.

“ಚೆಕ್ ತಗೊಳ್ಳುಕಾಗುದಿಲ್ಲ ಅಜ್ಜ. ಮ್ಯಾನೇಜರು ಬೈತಾರೆ.”

“ನಿಮ್ದೇ ಬ್ಯಾಂಕಿಂದು ಮಾರಾಯ. ಕೆಳಗೆ ಕೇಳು, ದುಡ್ಡುಂಟೋ ಇಲ್ವೋ ಹೇಳ್ತಾರೆ.”

“ನೀವೇ ಕೆಳಗೆ ಹೋಗಿ ಕ್ಯಾಶ್ ಮಾಡಿಸ್ಕೊಂಡು ಬನ್ನಿ. ಕ್ಯಾಶಾದ್ರೆ ಯಾರದ್ದು ಅಂತ ಕೇಳುದಿಲ್ಲ.”

ಇಳಿದೆ. ಕ್ಯಾಷಿಯರ್ ಊಟಕ್ಕೆ ಹೋಗಿದ್ದರು. ಅವರು ಬಂದು, ನಾನು ನಗದು ಪಡೆದು ಮೊಣಕಾಲು ಹಿಡಿದುಕೊಂಡು ಮತ್ತೆ ಮೇಲೇರುವಷ್ಟರಲ್ಲಿ ಹೋಂಸ್ಟೇ ಒಡೆಯನೊಬ್ಬ ನೋಟಿನ ಕಟ್ಟು ಇಟ್ಟು, ತನ್ನ ಅತಿಥಿಗಳ ಹುಟ್ಟುಹಬ್ಬಕ್ಕೆಂದು ಭವನವನ್ನು ಗೊತ್ತುಮಾಡಿಕೊಂಡು ಹೋಗಿದ್ದ. ನನ್ನ ಅಕ್ಕನ ಕರ್ಮದ ಊಟ ಕಾಫಿ ಕಣದಲ್ಲಿ, ಟಾರ್ಪಾಲಿನ ಕೆಳಗೆ ನಡೆಯಿತು. ವೃದ್ಧ ನೆಂಟರು ಕೊಡೆ ಹಿಡಿದು ನಿಂತು ಉಂಡರು. ಎಲೆಯಲ್ಲಿ ಸಾರಿಗಿಂತ ಮಳೆನೀರೇ ಹೆಚ್ಚಿತ್ತು.

ಚೆಕ್ಕೆಂದರೆ ಒಬ್ಬನ ಮಾತು, ನಗದೆಂದರೆ ಮುಗಿದ ಸಂಗತಿ. ಇಷ್ಟು ವಿವೇಕ ನನಗೂ ಉಂಟು. ದಾರಿಹೋಕನ ಚೆಕ್ಕಿನ ಹಿಂದೆ ಹಣವಿದೆಯೋ ಇಲ್ಲವೋ ಅಂಗಡಿಯವನು ಹೇಗೆ ಬಲ್ಲ? ಅವನು ಹಿಂಜರಿದರೆ ತಪ್ಪೆನ್ನಲಾರೆ. ಆದರೆ ತಾವು? ನನ್ನ ಖಾತೆ ತಮ್ಮದೇ ಕಂಪ್ಯೂಟರಿನೊಳಗಿದೆ, ನನ್ನ ಸಹಿಯ ಮಾದರಿ ತಮ್ಮದೇ ಕಡತದಲ್ಲಿದೆ. ತಮಗಿದ್ದುದು ಅಪನಂಬಿಕೆಯಲ್ಲ, ಮಾನ್ಯರೇ. ಮಹಡಿಯಿಂದ ಕೆಳಕ್ಕೆ ಒಂದು ಫೋನು ಮಾಡಲಾರದ ಸೋಮಾರಿತನ. ಅದಕ್ಕೆ ನಿಯಮವೆಂಬ ರೇಷ್ಮೆ ಶಾಲು ಹೊದಿಸಿದ್ದೀರಿ. ನೋಟು ಯಾರದೆಂದು ಕೇಳದ ತಮ್ಮ ಭವನದಲ್ಲಿ ಕಳ್ಳನಿಗೆ ಸಲ್ಲುವ ಗೌರವ ಖಾತೆದಾರನಿಗೆ ಸಲ್ಲದು.

ಇನ್ನೂ ಒಂದು ಸೋಜಿಗವುಂಟು. ತೋಟದ ಸಾಲ ಕೊಡುವಾಗ ಇದೇ ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ಭದ್ರತೆಗೆಂದು ನನ್ನಿಂದ ಪಡೆದಿರಿ. ಮೊತ್ತವಿಲ್ಲದ, ತಾರೀಖಿಲ್ಲದ ಆ ಕಾಗದಗಳಲ್ಲಿ ತಮಗೆ ಪರಮ ವಿಶ್ವಾಸ! ಸಾಲ ತೀರಿತು, ಅವು ಇನ್ನೂ ತಮ್ಮ ಬೀರುವಿನಲ್ಲಿವೆ. ನನ್ನನ್ನು ಕಟ್ಟಿಹಾಕುವಾಗ ಪ್ರಮಾಣವಾದ ಸಹಿ, ನಾನು ಬಾಡಿಗೆ ಕೊಡುವಾಗ ಮಾತ್ರ ಗೀಚಾಗುವುದು ಯಾವ ಧರ್ಮ?

ಆದ್ದರಿಂದ ಆ ಫಲಕವನ್ನು ಕೆಳಗಿಳಿಸಿರಿ. ಇಲ್ಲವೆ ಆ ಖಾಲಿ ಚೆಕ್ಕುಗಳನ್ನು ತೆಗೆದುಕೊಂಡು, ಮಳೆ ಬಿಡುವ ಮುನ್ನ, ಕೊಡೆ ಹಿಡಿದು ನನ್ನ ಕಣಕ್ಕೆ ತಾವೇ ಬನ್ನಿರಿ. ನಿಂತೇ ಉಣಬೇಕಾದೀತು, ಕ್ಷಮೆಯಿರಲಿ.

ಇಂತಿ,
ತಮ್ಮ ಬೀರುವಿನೊಳಗೆ ಮಾತ್ರ ನಂಬಿಕಸ್ಥನಾದ,
ಪದ್ಮಯ್ಯ
ಚೆಟ್ಟಳ್ಳಿ